ಹೆಜ್ಜೆಗೂ ಒಂದು ವ್ಯಾಕರಣ



ಜನಪದ ಕಲೆಯೊಂದನ್ನು ಶಾಸ್ತ್ರೀಯ ಕಲೆಯ ಗರಡಿಯಲ್ಲಿ ಪಳಗಿಸಿ ರಂಗದ ಮೇಲೆ ತಂದರೆ ಅದು ಜನಪದವಾಗಿಯೇ ಉಳಿಯುವುದೇ ಎಂಬುದು ಹಳೆಯ ಪ್ರಶ್ನೆ. ಉಕ್ರೇನ್ ದೇಶದ ಹೋಪಾಕ್ ಎಂಬ ನೃತ್ಯದ ದೃಶ್ಯವೊಂದನ್ನು ನಿಮ್ಮಲ್ಲಿ ಕೆಲವರಿಗೆ ಕಳುಹಿಸಿದ್ದೆ. ಬಹಳ ಮಂದಿ ಬೆರಗಾಗಿ ಉತ್ತರಿಸಿದರು. ಇಬ್ಬರು ಮಾತ್ರ, "ಮೇಷ್ಟ್ರೇ, ಇದು ಹಳ್ಳಿಯ ಕುಣಿತವಲ್ಲ, ಕಸರತ್ತು. ಹಳ್ಳಿಯವರು ಎಲ್ಲಿಯಾದರೂ ಹೀಗೆ ಸಾಲು ತಪ್ಪದೆ, ಗೆರೆ ಎಳೆದಂತೆ ಹಾರುತ್ತಾರೆಯೇ?" ಎಂದು ಕೇಳಿದರು. ಅವರ ಮಾತಿನಲ್ಲಿ ಹುರುಳಿದೆ. ಆದರೆ ಅದು ಅರ್ಧ ಸತ್ಯ. ಉಳಿದ ಅರ್ಧವನ್ನು ಇಲ್ಲಿ ಬರೆಯಬೇಕೆನಿಸಿತು.

ನೀವು ನೋಡಿದ ಆ ನೃತ್ಯದ ಇಂದಿನ ರೂಪಕ್ಕೆ ಮುಖ್ಯ ಕಾರಣರಾದವರು ಪಾವ್ಲೋ ವಿರ್ಸ್ಕಿ. ಇವರು 1905ರಲ್ಲಿ ಒಡೆಸಾ ನಗರದಲ್ಲಿ ಹುಟ್ಟಿದರು. ಒಡೆಸಾದಲ್ಲಿಯೂ ಅನಂತರ ಮಾಸ್ಕೋದಲ್ಲಿಯೂ ಬ್ಯಾಲೆ ಕಲಿತು, ಉಕ್ರೇನಿನ ಹಲವು ನಗರಗಳ ರಂಗಮಂದಿರಗಳಲ್ಲಿ ಬ್ಯಾಲೆಗಳನ್ನು ಸಂಯೋಜಿಸಿದರು. 1937ರಲ್ಲಿ ಮಿಕೋಲಾ ಬೊಲೊತೊವ್ ಎಂಬ ಸಹೋದ್ಯೋಗಿಯೊಡನೆ ಸೇರಿ ಉಕ್ರೇನಿನ ಸರ್ಕಾರಿ ಜನಪದ ನೃತ್ಯ ತಂಡವನ್ನು ಕಟ್ಟಿದರು. ಯುದ್ಧದ ಕಾಲದಲ್ಲಿ ಮಾಸ್ಕೋಗೆ ತೆರಳಿ ಕೆಂಪು ಸೇನೆಯ ಗಾಯನ-ನರ್ತನ ತಂಡದಲ್ಲಿ ದುಡಿದರು. 1955ರಲ್ಲಿ ಕೀವ್ ನಗರಕ್ಕೆ ಮರಳಿ, 1975ರಲ್ಲಿ ತೀರಿಕೊಳ್ಳುವವರೆಗೆ ಇಪ್ಪತ್ತು ವರ್ಷ ತಮ್ಮ ಹಳೆಯ ತಂಡವನ್ನು ಮುನ್ನಡೆಸಿದರು. ಇಂದು ಆ ತಂಡ ಅವರ ಹೆಸರನ್ನೇ ಹೊತ್ತಿದೆ. ಹುಟ್ಟಿನಿಂದಲೂ ಶಿಕ್ಷಣದಿಂದಲೂ ಅವರು ನಗರದವರು, ಬ್ಯಾಲೆಯವರು ಎಂಬುದನ್ನು ನೆನಪಿನಲ್ಲಿಡಿ.

ಹೋಪಾಕ್ ಮೂಲದಲ್ಲಿ ಕೊಸಾಕ್ ಯೋಧರ ಕುಣಿತ. ಹಾರು, ನೆಗೆ ಎಂಬರ್ಥದ ಮಾತಿನಿಂದ ಬಂದ ಹೆಸರು. ದಂಡಿನಿಂದ ಮರಳಿದ ಗಂಡಸರು ಉಲ್ಲಾಸ ಬಂದಂತೆ, ಯಾರೂ ಹೇಳಿಕೊಡದೆ, ಒಬ್ಬರನ್ನೊಬ್ಬರು ಮೀರಿಸುವಂತೆ ಕುಣಿಯುತ್ತಿದ್ದದ್ದು. ಹಳ್ಳಿಗಳಿಗೆ ಬಂದಾಗ ಅದರಲ್ಲಿ ಹೆಂಗಸರೂ ಸೇರಿದರು, ಮದುವೆ ಹಬ್ಬಗಳಿಗೆ ಒಗ್ಗಿತು. ಹಿಮ್ಮೇಳಕ್ಕೆ ಪಿಟೀಲು, ಕೋಲುಗಳಿಂದ ಬಾರಿಸುವ ತಂತಿವಾದ್ಯ, ಕೈಯಲ್ಲಿ ಹಿಡಿಯುವ ಚರ್ಮವಾದ್ಯ ಇಂಥ ಮೂರು ವಾದ್ಯಗಳಿದ್ದರೆ ಸಾಕು. ಇದನ್ನು ಅಲ್ಲಿಯವರು 'ಮೂವರ ಮೇಳ' ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಸುತ್ತಲೂ ನಿಂತವರೆಲ್ಲ ನೋಟಕರು. ಅವರಲ್ಲಿ ಯಾರು ಬೇಕಾದರೂ ಮರುಗಳಿಗೆಗೆ ಕುಣಿಯುವವರಾಗಬಹುದು. ಇಂಥ ಕುಣಿತಕ್ಕೆ ಮುಂಭಾಗ ಹಿಂಭಾಗವೆಂಬುದಿಲ್ಲ.

ರಂಗಭೂಮಿಗೆ ಮುಂಭಾಗವಿದೆ. ಸಾವಿರ ಜನ ಒಂದೇ ದಿಕ್ಕಿನಿಂದ ನೋಡುತ್ತಾರೆ. ಕೊನೆಯ ಸಾಲಿನಲ್ಲಿ ಕುಳಿತವನಿಗೂ ಹೆಜ್ಜೆ ಕಾಣಬೇಕು. ವಿರ್ಸ್ಕಿ ಬ್ಯಾಲೆಯಿಂದ ತಂದದ್ದು ಈ ಕಾಣಿಸುವ ವಿದ್ಯೆಯನ್ನು. ಅವರ ನರ್ತಕರು ಪ್ರತಿದಿನ ಕಂಬಿ ಹಿಡಿದು ನಿಂತು ಬ್ಯಾಲೆಯ ಮೊದಲ ಪಾಠಗಳಿಂದಲೇ ಅಭ್ಯಾಸ ಆರಂಭಿಸುತ್ತಾರೆ. ಸೊಂಟದ ಕೀಲಿನಿಂದಲೇ ಕಾಲನ್ನು ಹೊರಕ್ಕೆ ತಿರುಗಿಸುವುದು, ಮಂಡಿ ಮಡಿಸಿ ಏಳುವುದು, ಬೆನ್ನುಹುರಿಯನ್ನು ನೆಟ್ಟಗಿಟ್ಟು ಒಂದೇ ಬಿಂದುವಿನ ಮೇಲೆ ತಿರುಗುವುದು, ಇವೆಲ್ಲ ಅಲ್ಲಿ ಸಿದ್ಧಿಸುತ್ತವೆ. ಅನಂತರ ಕೆಂಪು ಬೂಟು ತೊಟ್ಟು ಹೋಪಾಕ್‌ಗೆ ಇಳಿದಾಗ, ಕುಕ್ಕುರುಗಾಲಿನಲ್ಲಿ ಕುಳಿತು ಒಂದೊಂದೇ ಕಾಲನ್ನು ಮುಂದಕ್ಕೆ ಚಿಮ್ಮುವ ಆ ಪ್ರಸಿದ್ಧ ಹೆಜ್ಜೆಯಲ್ಲಿಯೂ ಬೆನ್ನು ಬಾಗುವುದಿಲ್ಲ. ಹೆಂಗಸರು ತಲೆಯ ಹೂದಂಡೆಯ ಬಣ್ಣದ ಪಟ್ಟಿಗಳನ್ನು ಹಾರಿಸುತ್ತ ರಂಗದ ಒಂದು ತುದಿಯಿಂದ ಇನ್ನೊಂದಕ್ಕೆ ಸುತ್ತಿಕೊಂಡು ಹೋಗುವಾಗ ಅವರ ಕತ್ತು ತಿರುಗುವ ರೀತಿ ಬ್ಯಾಲೆಯದು, ಪಾದ ನೆಲ ಮುಟ್ಟುವ ರೀತಿ ಉಕ್ರೇನಿನದು.

ನನ್ನ ಇಬ್ಬರು ಆಕ್ಷೇಪಕರು ಕಂಡದ್ದು ಕತ್ತನ್ನು. ಪಾದವನ್ನು ಅವರು ಗಮನಿಸಲಿಲ್ಲ.

ಆ ಪಾದದ ಕಥೆಯನ್ನು ಹೇಳಬೇಕಾದರೆ ಇನ್ನೊಬ್ಬರ ಹೆಸರನ್ನು ತರಬೇಕು. ವಾಸಿಲ್ ವೆರ್ಖೋವಿನೆತ್ಸ್ ಎಂಬುದು ಆ ಹೆಸರು. 1880ರಲ್ಲಿ ಪಶ್ಚಿಮ ಉಕ್ರೇನಿನ ಹಳ್ಳಿಯೊಂದರಲ್ಲಿ ಹುಟ್ಟಿದ ಇವರು ಗಾಯಕರು, ಮೇಳಗಾನದ ನಿರ್ದೇಶಕರು. ಕೀವ್‌ನ ನಾಟಕ ಕಂಪನಿಯೊಂದರಲ್ಲಿ ದುಡಿಯುತ್ತ ಹಳ್ಳಿಹಳ್ಳಿ ತಿರುಗಿ ಜನರು ಕುಣಿಯುವುದನ್ನು ನೋಡಿ, ಕೇಳಿ, ಬರೆದುಕೊಂಡವರು. ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ, ದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿರುವಾಗಲೇ, ಉಕ್ರೇನಿನ ಜನಪದ ನೃತ್ಯದ ಸಿದ್ಧಾಂತವನ್ನು ಕುರಿತು ಪುಸ್ತಕ ಪ್ರಕಟಿಸಿದರು. ಹಳ್ಳಿಗರ ಬಾಯಲ್ಲಿದ್ದ ಹೆಜ್ಜೆಗಳ ಹೆಸರುಗಳು ಅದರಿಂದಾಗಿ ಶಾಸ್ತ್ರದ ಮಾತುಗಳಾದವು. ಒಂದು ಹೆಜ್ಜೆಯ ಹೆಸರು 'ತಿನೋಕ್', ಎಂದರೆ ಪುಟ್ಟ ಬೇಲಿ. ಇನ್ನೊಂದು 'ದೋರಿಜ್ಕಾ', ಎಂದರೆ ಕಾಲುದಾರಿ. ಓಡುವ ಹೆಜ್ಜೆಗೆ 'ಬಿಹುನೆತ್ಸ್', ಕುಕ್ಕುರುಗಾಲಿನದಕ್ಕೆ 'ಪ್ರಿಸ್ಯಾದ್ಕಾ'. ಬೇಲಿ, ದಾರಿ, ಓಟ, ಕೂರುವಿಕೆ. ಒಕ್ಕಲಿನ ಬದುಕೇ ಹೆಜ್ಜೆಯ ಹೆಸರಾಗಿದೆ.

ಕನ್ನಡ ಪಾಠ ಹೇಳಿದವನಿಗೆ ಇಲ್ಲಿ ಕೇಶಿರಾಜನ ನೆನಪಾಗುವುದು ಸಹಜ. ಶಬ್ದಮಣಿದರ್ಪಣವು ಮೇಲಿನಿಂದ ಹೊರಡಿಸಿದ ಆಜ್ಞೆಗಳ ಪಟ್ಟಿಯಲ್ಲ. ಕವಿಗಳು ಹೇಗೆ ಪ್ರಯೋಗಿಸಿದ್ದಾರೆಂದು ನೋಡಿ ಸೂತ್ರ ಹೇಳುವ ಗ್ರಂಥ. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಕೂಡಿಸಿ ಸಮಾಸ ಮಾಡಿದರೆ ಅದು ಅರಿಸಮಾಸ, ಎಂದರೆ ಶತ್ರುಗಳ ಕೂಟ, ಎಂದು ತರಗತಿಯಲ್ಲಿ ನಿಮಗೆಲ್ಲ ಹೇಳಿದ್ದೇನೆ. ಕೂಡಿಸಬಾರದೆಂದರೂ ಜನ ಕೂಡಿಸುತ್ತಲೇ ಬಂದರು, ಭಾಷೆ ಕೆಡಲಿಲ್ಲ. ಏಕೆಂದರೆ ಎಷ್ಟೇ ಸಂಸ್ಕೃತ ಪದಗಳು ಬಂದರೂ ವಿಭಕ್ತಿ ಪ್ರತ್ಯಯ ಕನ್ನಡದ್ದಾಗಿಯೇ ಉಳಿಯಿತು, ವಾಕ್ಯದ ಕೊನೆಯಲ್ಲಿ ಕನ್ನಡದ ಕ್ರಿಯಾಪದವೇ ನಿಂತಿತು. ಬೆರಕೆಯನ್ನು ಅಳೆಯುವಾಗ ಎಷ್ಟು ಬೆರೆಯಿತೆಂದು ಕೇಳುವುದಕ್ಕಿಂತ ಯಾವುದರ ವ್ಯಾಕರಣ ಉಳಿಯಿತೆಂದು ಕೇಳುವುದು ಮೇಲು. ವೆರ್ಖೋವಿನೆತ್ಸ್ ಬರೆದಿಟ್ಟದ್ದು ಆ ವ್ಯಾಕರಣವನ್ನು. ಅದಿಲ್ಲದೆ ಹೋಗಿದ್ದರೆ ಬ್ಯಾಲೆಯವರ ಕೈಗೆ ಸಿಕ್ಕ ಹೋಪಾಕ್ ಬ್ಯಾಲೆಯ ನಡುವೆ ಬಂದುಹೋಗುವ ಒಂದು ಅಲಂಕಾರವಾಗಿಬಿಡುತ್ತಿತ್ತು. 'ಸ್ವಾನ್ ಲೇಕ್' ಬ್ಯಾಲೆಯ ಅರಮನೆಯ ದೃಶ್ಯದಲ್ಲಿ ಸ್ಪೇನಿನ ಕುಣಿತ, ಹಂಗೇರಿಯ ಕುಣಿತ, ಪೋಲೆಂಡಿನ ಕುಣಿತಗಳು ಅತಿಥಿಗಳಂತೆ ಬಂದು ಹೋಗುತ್ತವೆ. ಕಥೆಯಲ್ಲಿ ಅವಕ್ಕೆ ಪಾಲಿಲ್ಲ. ಉಕ್ರೇನಿನ ಕುಣಿತಕ್ಕೂ ಅದೇ ಗತಿ ಬರಬಹುದಿತ್ತು.

ಹಾಗಾಗದಂತೆ ನಡೆದ ಮೊದಲ ದೊಡ್ಡ ಪ್ರಯತ್ನ ವಿರ್ಸ್ಕಿಯವರದಲ್ಲ. 1931ರಲ್ಲಿ, ಸೋವಿಯತ್ ಉಕ್ರೇನಿನ ಆಗಿನ ರಾಜಧಾನಿ ಖಾರ್ಕಿವ್‌ನಲ್ಲಿ 'ಪಾನ್ ಕನ್ಯೋವ್‌ಸ್ಕಿ' ಎಂಬ ಬ್ಯಾಲೆ ರಂಗವೇರಿತು. ಸಂಗೀತ ಮಿಖಾಯಿಲೋ ವೆರಿಕೀವ್‌ಸ್ಕಿಯವರದು, ನೃತ್ಯ ಸಂಯೋಜನೆ ವಾಸಿಲ್ ಲಿತ್ವಿನೆಂಕೊ ಅವರದು, ಜನಪದ ಹೆಜ್ಜೆಗಳಿಗೆ ಸಲಹೆಗಾರರು ವೆರ್ಖೋವಿನೆತ್ಸ್. ಪೀಪಾಯಿ ಮಾಡುವವನ ಮಗಳೊಬ್ಬಳು ಜಮೀನ್ದಾರನಿಗೆ ಮಣಿಯದೆ ಪ್ರಾಣ ಬಿಟ್ಟ ಕಥೆ. ಜನರ ಹಾಡಿನಿಂದಲೇ ಎತ್ತಿಕೊಂಡದ್ದು. ಇದನ್ನು ಉಕ್ರೇನಿನ ಮೊದಲ ರಾಷ್ಟ್ರೀಯ ಬ್ಯಾಲೆ ಎಂದು ಕರೆಯುತ್ತಾರೆ. ಇಲ್ಲಿ ಹಳ್ಳಿಯ ಹೆಜ್ಜೆ ಅತಿಥಿಯಾಗಿ ಬರಲಿಲ್ಲ, ಕಥೆಯ ನಾಯಕಿಯ ಮಾತಾಗಿ ಬಂದಿತು. 1935ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಜನಪದ ನೃತ್ಯೋತ್ಸವಕ್ಕೆ ಹೋದ ಉಕ್ರೇನಿನ ತಂಡಕ್ಕೆ ಹೋಪಾಕ್ ಸಿದ್ಧಗೊಳಿಸಿದವರೂ ವೆರ್ಖೋವಿನೆತ್ಸ್ ಮತ್ತು ಬ್ಯಾಲೆಯ ನರ್ತಕ ಲಿಯೊನಿದ್ ಝುಕೋವ್. ಹಳ್ಳಿಯ ವ್ಯಾಕರಣ ಬಲ್ಲವನೂ ಬ್ಯಾಲೆ ಬಲ್ಲವನೂ ಒಂದೇ ಕೋಣೆಯಲ್ಲಿ ಸಮಾನರಾಗಿ ನಿಂತು ಮಾಡಿದ ಕೆಲಸವದು.

ಇನ್ನು ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ. 1931ಕ್ಕೂ 1935ಕ್ಕೂ ನಡುವೆ, 1932-33ರಲ್ಲಿ, ಸ್ಟಾಲಿನ್ ಆಡಳಿತ ಹಳ್ಳಿಗಳಿಂದ ಧಾನ್ಯವನ್ನು ಬಲವಂತವಾಗಿ ಎತ್ತಿಸಿದ್ದರಿಂದ ಉಂಟಾದ ಕ್ಷಾಮದಲ್ಲಿ ಉಕ್ರೇನಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಯಾವ ಹಳ್ಳಿಗಳಿಂದ 'ಪುಟ್ಟ ಬೇಲಿ'ಯೂ 'ಕಾಲುದಾರಿ'ಯೂ ಬಂದಿದ್ದವೋ ಅಂಥ ಹಳ್ಳಿಗಳೇ ಅವು. 1937ರಲ್ಲಿ ಅದೇ ಸರ್ಕಾರ ಜನಪದ ನೃತ್ಯಕ್ಕೆ ಸಂಬಳದ ತಂಡ ಕಟ್ಟಿತು. ಆ ವರ್ಷದ ಕೊನೆಗೆ ವೆರ್ಖೋವಿನೆತ್ಸ್ ಅವರನ್ನು ಬಂಧಿಸಲಾಯಿತು. 1938ರ ಏಪ್ರಿಲ್‌ನಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಕುಣಿತವನ್ನು ಮೆರೆಸುವ ಕೈಯೇ ಕುಣಿತದ ವ್ಯಾಕರಣಕಾರನನ್ನು ಕೊಂದಿತು. 'ಜನತೆಯ ಶತ್ರು' ಎಂದು ಹಣೆಪಟ್ಟಿ ಹಚ್ಚಿದವರ ಹೆಸರನ್ನು ಬಾಯಿಬಿಟ್ಟು ಹೇಳುವುದೂ ಅಪಾಯವಾಗಿದ್ದ ಕಾಲ. ವರ್ಷಗಳ ಅನಂತರ ಅವರ ಮೇಲಿನ ಕಳಂಕವನ್ನು ಸರ್ಕಾರವೇ ಅಳಿಸಿತು, 1960ರ ದಶಕದಲ್ಲಿ ಪುಸ್ತಕ ಮತ್ತೆ ಅಚ್ಚಾಯಿತು. ನಡುವಿನ ಕಾಲದಲ್ಲಿ ಹೆಜ್ಜೆಗಳು ಮಾತ್ರ ಉಳಿದವು.

ಈ ಹಿನ್ನೆಲೆಯಲ್ಲಿ ವಿರ್ಸ್ಕಿಯವರ ಕೆಲಸವನ್ನು ಹೇಗೆ ಎಣಿಸಬೇಕು? ಅದನ್ನು ಸರ್ಕಾರದ ಪ್ರಚಾರವೆಂದು ತಳ್ಳಿಹಾಕುವವರಿದ್ದಾರೆ. ಅಗಲವಾದ ಕೊಸಾಕ್ ಇಜಾರದ ಹೆಸರು 'ಶರೊವಾರಿ'. ಆ ಮಾತಿನಿಂದಲೇ ಉಕ್ರೇನಿನವರು 'ಶರೊವಾರ್‌ಶ್ಚಿನಾ' ಎಂಬ ಬೈಗುಳವನ್ನು ರೂಢಿಸಿಕೊಂಡಿದ್ದಾರೆ. ಇಜಾರ ತೊಡಿಸಿ, ನಗಿಸಿ, ಕುಣಿಸಿ, ಇಷ್ಟೇ ಉಕ್ರೇನ್ ಎಂದು ತೋರಿಸುವ ಅಗ್ಗದ ಪ್ರದರ್ಶನಕ್ಕೆ ಆ ಹೆಸರು. ಸೋವಿಯತ್ ಕಾಲದಲ್ಲಿ ಪ್ರತಿ ಗಣರಾಜ್ಯಕ್ಕೂ ಒಂದು ಬಣ್ಣದ ಉಡುಪು, ಒಂದು ಕುಣಿತ, ಒಂದು ನಗು ಎಂದು ಗೊತ್ತುಮಾಡಲಾಗಿತ್ತು. ನಗುವವರ ತಂಡ ಪರದೇಶಗಳಿಗೆ ಹೋಗುತ್ತಿತ್ತು. ಅತ್ತವರ ಮಾತು ಹೊರಗೆ ಹೋಗುತ್ತಿರಲಿಲ್ಲ. ವಿರ್ಸ್ಕಿಯವರೂ ಕ್ರಾಂತಿಯನ್ನು ಹಾಡಿ ಹೊಗಳುವ ನೃತ್ಯಗಳನ್ನು ಮಾಡಿದ್ದಾರೆ. ಇದನ್ನು ಮುಚ್ಚಿಡಬೇಕಾಗಿಲ್ಲ. ದೊಡ್ಡ ಗುಂಪುಗಳನ್ನು ಕವಾಯತಿನಂತೆ ನಡೆಸುವ ಭಾಗಗಳಲ್ಲಿ ಹಳ್ಳಿಯೂ ಇಲ್ಲ, ಬ್ಯಾಲೆಯೂ ಇಲ್ಲ, ಬರಿಯ ಶಿಸ್ತಿದೆ. ಅಲ್ಲಿ ನನ್ನ ಇಬ್ಬರು ಆಕ್ಷೇಪಕರೊಡನೆ ನಾನೂ ಕೂಡಿಕೊಳ್ಳುತ್ತೇನೆ.

ಆದರೆ ಅವರ ಕಸೂತಿಗಾರ್ತಿಯರ ನೃತ್ಯವನ್ನು ನೋಡಿ. ಹೆಣ್ಣುಮಕ್ಕಳು ಬಣ್ಣದ ನೂಲಿನ ಎಳೆಗಳನ್ನು ಹಿಡಿದು, ಸಣ್ಣ ಓಡುಹೆಜ್ಜೆಯಲ್ಲಿ ಒಬ್ಬರ ನಡುವೆ ಒಬ್ಬರು ಹಾದುಹೋಗುತ್ತ ರಂಗದ ಮೇಲೆಯೇ ಒಂದು ವಿನ್ಯಾಸವನ್ನು ಹೆಣೆಯುತ್ತಾರೆ. ಉದ್ದನೆಯ ಲಂಗದ ಕೆಳಗೆ ಪಾದ ಕಾಣುವುದೇ ಅಪರೂಪ, ತೇಲಿದಂತೆ ತೋರುತ್ತದೆ. ಆ ತೇಲುವಿಕೆ ಬ್ಯಾಲೆಯಲ್ಲಿ ಬೆರಳ ತುದಿಯ ಮೇಲೆ ನಿಂತು ಸಾಧಿಸುವಂಥದು. ವಿರ್ಸ್ಕಿ ಅದನ್ನು ಹಳ್ಳಿಯ ಓಡುಹೆಜ್ಜೆಯಿಂದಲೇ ಸಾಧಿಸಿದರು. ಕೆಲಸ ಮಾಡುವ ಹೆಂಗಸಿನ ಕೈ ಅಲ್ಲಿ ಅಲಂಕಾರವಾಗಲಿಲ್ಲ, ಕುಣಿತದ ಕಾರಣವಾಯಿತು. 'ಪೋವ್ಜುನೆತ್ಸ್' ಎಂಬುದು ಇನ್ನೊಂದು. ತೆವಳು ಎಂಬ ಅರ್ಥದ ಮಾತಿನಿಂದ ಬಂದ ಹೆಸರು. ಗಂಡಸರು ಇಡೀ ನೃತ್ಯವನ್ನು ಕುಕ್ಕುರುಗಾಲಿನಲ್ಲಿಯೇ ನಡೆಸುತ್ತ ಒಬ್ಬರೊಡನೊಬ್ಬರು ಸ್ಪರ್ಧಿಸುತ್ತಾರೆ, ಕೀಟಲೆ ಮಾಡುತ್ತಾರೆ. ಬ್ಯಾಲೆ ಆಕಾಶಕ್ಕೆ ಹಾತೊರೆಯುವ ಕಲೆ. ಇದು ನೆಲ ಬಿಡಲೊಲ್ಲದ ಕುಣಿತ. ಬ್ಯಾಲೆಯ ಗರಡಿಯಲ್ಲಿ ಗಳಿಸಿದ ಕಸುವನ್ನೆಲ್ಲ ನೆಲಕ್ಕೆ ಅಂಟಿಕೊಂಡಿರುವುದಕ್ಕೇ ಬಳಸಿದ ಆ ಹಾಸ್ಯಬುದ್ಧಿಗೆ ನಾನು ತಲೆದೂಗುತ್ತೇನೆ. ಇಂಥ ಕಡೆಗಳಲ್ಲಿ ವೆರ್ಖೋವಿನೆತ್ಸ್ ಅವರ ವ್ಯಾಕರಣ ಬದುಕಿದೆ.

ಬ್ಯಾಲೆಯನ್ನು ದೂರವಿಟ್ಟು ಅದೇ ವ್ಯಾಕರಣವನ್ನು ಕಾಪಾಡಿದವರೂ ಉಂಟು. ವೆರ್ಖೋವಿನೆತ್ಸ್ ಅವರಿಂದ ಪಾಠ ಕೇಳಿದ ವಾಸಿಲ್ ಅವ್ರಾಮೆಂಕೊ 1921ರಲ್ಲಿ ಪೋಲೆಂಡಿನ ಕಾಲಿಶ್‌ನಲ್ಲಿ, ಸೋತ ಉಕ್ರೇನಿ ಸೈನಿಕರನ್ನು ಕೂಡಿಹಾಕಿದ್ದ ಶಿಬಿರದೊಳಗೇ ನೃತ್ಯಶಾಲೆ ತೆರೆದರು. 1925ರ ಕೊನೆಗೆ ಕೆನಡಾಕ್ಕೆ ಹೋಗಿ ಅಲ್ಲಿನ ವಲಸಿಗರ ಮಕ್ಕಳಿಗೆ ಹೆಜ್ಜೆ ಕಲಿಸಿದರು. ಮುಂದೆ ಆ ಮೊಮ್ಮಕ್ಕಳ ಕಾಲಕ್ಕೆ ಬ್ಯಾಲೆ ಅಲ್ಲಿಗೂ ಬಂದಿತು. 1959ರಲ್ಲಿ ಎಡ್ಮಂಟನ್ ನಗರದಲ್ಲಿ ಹುಟ್ಟಿದ 'ಶುಮ್ಕಾ' ತಂಡ ಬ್ಯಾಲೆಯಂತೆ ಕಥೆ ಹೇಳುವ ದೊಡ್ಡ ಪ್ರಯೋಗಗಳನ್ನು ಕಟ್ಟಿತು. ಲ್ವಿವ್‌ನಲ್ಲಿ ಬೆಳೆದು ಬ್ಯಾಲೆ ಕಲಿತ ರೋಮಾ ಪ್ರಿಮಾ-ಬೊಹಾಚೆವ್‌ಸ್ಕಿ 1978ರಲ್ಲಿ ನ್ಯೂಯಾರ್ಕಿನಲ್ಲಿ 'ಸಿಜೊಕ್ರಿಲಿ' ತಂಡವನ್ನು ಆರಂಭಿಸಿದರು. ಅಲ್ಲಿ ಯಾವ ಸರ್ಕಾರದ ಅಪ್ಪಣೆಯೂ ಇರಲಿಲ್ಲ. ಆದರೂ ಮಕ್ಕಳು ಕಂಬಿ ಹಿಡಿದು ಅಭ್ಯಾಸ ಮಾಡಿದರು, ಆಮೇಲೆ ಬೂಟು ತೊಟ್ಟರು. ಬೆರಕೆ ಎಂಬುದು ಮಾಸ್ಕೋದ ಹುನ್ನಾರವಷ್ಟೇ ಆಗಿದ್ದರೆ ಸ್ವತಂತ್ರ ನೆಲದಲ್ಲಿ ಅದು ಬೇರೂರುತ್ತಿರಲಿಲ್ಲ.

ಈಗ ಯುದ್ಧದ ಕಾಲ. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ನಡೆಸಿದ ದಿನ, ಅಲೆಕ್ಸೇಯ್ ರತ್ಮಾನ್‌ಸ್ಕಿ ಎಂಬ ನೃತ್ಯ ಸಂಯೋಜಕರು ಮಾಸ್ಕೋದ ಬೊಲ್ಶೊಯ್ ರಂಗಮಂದಿರದಲ್ಲಿ ಹೊಸ ಬ್ಯಾಲೆಯೊಂದರ ತಾಲೀಮಿನಲ್ಲಿದ್ದರು. ಅವರು ಕೀವ್‌ನಲ್ಲಿ ಬೆಳೆದವರು, ಮಾಸ್ಕೋದಲ್ಲಿ ಕಲಿತವರು, ಬೊಲ್ಶೊಯ್ ಬ್ಯಾಲೆಗೆ 2004ರಿಂದ 2008ರವರೆಗೆ ನಿರ್ದೇಶಕರಾಗಿದ್ದವರು. ಅಂದೇ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೊರಟುಬಂದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಅವರ 'ಯುದ್ಧಕಾಲದ ಶೋಕಗೀತೆ' ಎಂಬರ್ಥದ ಬ್ಯಾಲೆ ಪ್ರದರ್ಶನಗೊಂಡಿತು. ಕೀವ್‌ನ ಸಂಗೀತಕಾರ ವಾಲೆಂತಿನ್ ಸಿಲ್ವೆಸ್ತ್ರೋವ್ ಅವರ ಮೆಲುದನಿಯ ಸಂಗೀತ ಒಂದೆಡೆ, ಉಕ್ರೇನಿನ ಹಳ್ಳಿಗರ ಹಾಡುಪಾಡು ಇನ್ನೊಂದೆಡೆ. ಜನಪದ ಭಾಗಕ್ಕೆ ಹಿನ್ನೆಲೆಯಾಗಿ ಮರಿಯಾ ಪ್ರಿಮಾಚೆಂಕೊ ಎಂಬ ಹಳ್ಳಿಯ ಚಿತ್ರಕಾರ್ತಿಯ ಬಣ್ಣಬಣ್ಣದ ಚಿತ್ರಗಳು. ದಾಳಿಯ ಮೊದಲ ದಿನಗಳಲ್ಲಿಯೇ ಆಕೆಯ ಚಿತ್ರಗಳಿದ್ದ ಇವಾನ್ಕಿವ್ ಊರಿನ ವಸ್ತುಸಂಗ್ರಹಾಲಯ ಸುಟ್ಟುಹೋಗಿತ್ತು. ಊರವರು ಕೈಗೆ ಸಿಕ್ಕಷ್ಟು ಚಿತ್ರಗಳನ್ನು ಬೆಂಕಿಯಿಂದ ಎತ್ತಿ ಉಳಿಸಿದ್ದರು.

ಆ ಬ್ಯಾಲೆಯಲ್ಲಿ ಹಳ್ಳಿಯ ಕುಣಿತ ದುಃಖದ ನಡುವೆ ಬರುತ್ತದೆ. ನಗೆಯಿದೆ, ಜಿಗಿತವಿದೆ, ತುಂಟತನವಿದೆ. ಆದರೆ ಹಿಂದೆಯೂ ಮುಂದೆಯೂ ಶೋಕವಿರುವುದರಿಂದ ಆ ನಗು ಯಾರನ್ನೋ ಮೆಚ್ಚಿಸಲು ಹೊರಟ ನಗುವಾಗುವುದಿಲ್ಲ, ಕಳೆದುಕೊಳ್ಳಲಾರೆವೆನ್ನುವವರ ನಗುವಾಗುತ್ತದೆ. 'ಸದಾ ನಗುವ ಉಕ್ರೇನ್' ಎಂಬ ಹಳೆಯ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ. ವಿರ್ಸ್ಕಿ ಬ್ಯಾಲೆಯನ್ನು ಹಳ್ಳಿಯ ಕುಣಿತದೊಳಗೆ ತಂದರೆ, ರತ್ಮಾನ್‌ಸ್ಕಿ ಹಳ್ಳಿಯ ಕುಣಿತವನ್ನು ಬ್ಯಾಲೆಯೊಳಗೆ ತಂದರು. ದಾರಿ ತಿರುವುಮುರುವಾದರೂ ಪ್ರಶ್ನೆ ಒಂದೇ. ಬಂದ ಹೆಜ್ಜೆಗೆ ತನ್ನ ಮಾತನ್ನು ಹೇಳುವ ಅವಕಾಶವಿತ್ತೇ? 'ಸ್ವಾನ್ ಲೇಕ್'ನ ಅತಿಥಿಗಳಿಗೆ ಇರಲಿಲ್ಲ. ಇಲ್ಲಿತ್ತು.

ಇದೇ ಯುದ್ಧದ ಬಿಸಿಯಲ್ಲಿ ಇನ್ನೊಂದು ವಾದವೂ ಎದ್ದಿದೆ. ಬ್ಯಾಲೆಯೇ ರಷ್ಯಾದ ಹೆಮ್ಮೆಯ ಕಲೆ, ಅದನ್ನೇ ಬಿಟ್ಟುಬಿಡೋಣ ಎಂಬುದು. ಕೀವ್‌ನ ರಾಷ್ಟ್ರೀಯ ಒಪೆರಾ ಮಂದಿರ 2022ರ ಡಿಸೆಂಬರಿನಲ್ಲಿ ಚೈಕೋವ್‌ಸ್ಕಿಯ 'ನಟ್‌ಕ್ರ್ಯಾಕರ್' ಬದಲು 'ಹಿಮರಾಣಿ'ಯ ಕಥೆಯ ಬ್ಯಾಲೆಯನ್ನು ಆಡಿತು. ತಲೆಯ ಮೇಲೆ ಕ್ಷಿಪಣಿ ಬೀಳುತ್ತಿರುವಾಗ ಯಾರ ಸಂಗೀತ ಬೇಕು, ಯಾರದು ಬೇಡ ಎಂದು ಅವರಿಗೆ ಹೇಳಲು ನಾವು ಯಾರು? ಆದರೆ ಅವರು ಬ್ಯಾಲೆಯನ್ನು ಬಿಡಲಿಲ್ಲ ಎಂಬುದು ಗಮನಿಸತಕ್ಕ ಅಂಶ. ಬಿಡಬೇಕಾಗಿಯೂ ಇಲ್ಲ. ಬ್ಯಾಲೆ ಇಟಲಿ, ಫ್ರಾನ್ಸ್‌ಗಳ ಅರಮನೆಗಳಿಂದ ಹೊರಟು ಊರೂರು ಸುತ್ತಿದ ಕಲೆ. ಬ್ರೋನಿಸ್ಲಾವಾ ನಿಜಿನ್‌ಸ್ಕಾ 1919ರಿಂದ 1921ರವರೆಗೆ ಹೊಸ ಬಗೆಯ ನೃತ್ಯಶಾಲೆ ನಡೆಸಿದ್ದು ಕೀವ್‌ನಲ್ಲಿಯೇ. ಈ ಯುದ್ಧದಲ್ಲಿ ಕೀವ್ ಒಪೆರಾ ಮಂದಿರದ ನರ್ತಕ ಆರ್ತೆಮ್ ದಾತ್ಸಿಶಿನ್ ಶೆಲ್ ದಾಳಿಯಲ್ಲಿ ಗಾಯಗೊಂಡು 2022ರ ಮಾರ್ಚಿನಲ್ಲಿ ತೀರಿಕೊಂಡರು. ಅಲ್ಲಿಯೇ ಸುಮಾರು ಮೂರು ದಶಕ ನರ್ತಿಸಿದ್ದ ಒಲೆಕ್ಸಾಂದ್ರ್ ಶಪೋವಾಲ್ ಬಂದೂಕು ಹಿಡಿದು ಹೋಗಿ ಅದೇ ಸೆಪ್ಟೆಂಬರಿನಲ್ಲಿ ರಣರಂಗದಲ್ಲಿ ಮಡಿದರು. ಇವರ ಕಲೆಯನ್ನು ಪರರದೆಂದು ಯಾವ ಬಾಯಿಂದ ಹೇಳುವುದು?

ಆದ್ದರಿಂದ, ಆಕ್ಷೇಪಿಸಿದ ನನ್ನ ಇಬ್ಬರು ಮಿತ್ರರೇ, ನಿಮ್ಮ ಕಣ್ಣು ತಪ್ಪಿಲ್ಲ. ನೀವು ನೋಡಿದ್ದು ಹಳ್ಳಿಯ ಅಂಗಳದ ಕುಣಿತವಲ್ಲ. ಅಂಗಳದ ಕುಣಿತ ಅಂಗಳದಲ್ಲಿಯೇ ಇರಬೇಕಾದದ್ದು. ಅದನ್ನು ಮೂರು ವಾದ್ಯಗಳೊಡನೆ ಹಾಗೆಯೇ ಕಾಪಾಡುವವರಿಗೂ ನನ್ನ ಗೌರವವಿದೆ. ರಂಗಕ್ಕೆ ಬಂದದ್ದು ಅದರ ಇನ್ನೊಂದು ಜನ್ಮ. ಆ ಜನ್ಮಕ್ಕೆ ಕಾರಣನಾದವನು ವಿರ್ಸ್ಕಿ ಎಂದು ಜಗತ್ತು ಹೇಳುತ್ತದೆ, ಅದು ಸರಿಯೇ. ಆದರೆ ನಾನು ಮೇಷ್ಟ್ರು. ಪಾಠ ಒಪ್ಪಿಸಿದ ಹುಡುಗನಿಗೆ ಶಹಭಾಷ್ ಎನ್ನುವ ಮೊದಲು, ಯಾರು ಹೇಳಿಕೊಟ್ಟರಪ್ಪಾ ಎಂದು ಕೇಳುವ ಅಭ್ಯಾಸ ನನ್ನದು. ವಿರ್ಸ್ಕಿಯವರ ತಂಡ ಪರದೇಶಗಳಲ್ಲಿ ಚಪ್ಪಾಳೆ ಗಿಟ್ಟಿಸಿದ ಹೆಜ್ಜೆಗಳಿಗೆ ಮೊದಲು ಸೂತ್ರ ಬರೆದವನು, ಚಪ್ಪಾಳೆ ಕೇಳುವ ಮುನ್ನವೇ ಗುಂಡಿಗೆ ಎದೆಯೊಡ್ಡಿದ್ದ. ಬೆರಕೆಯಲ್ಲಿ ನಾನು ಕಾಣುವ ದೋಷ ಒಂದೇ: ಕೊಟ್ಟವರ ಹೆಸರು ಅಳಿಸಿಹೋಗುವುದು. ಅದು ನರ್ತಕರ ದೋಷವಲ್ಲ, ಹೆಸರನ್ನು ಅಳಿಸಿದ ಆಳರಸರದು. ತಿದ್ದುವುದು ಮಾತ್ರ ನೋಡುವವರಿಂದಲೂ ಸಾಧ್ಯ.

ಇನ್ನೊಮ್ಮೆ ಆ ದೃಶ್ಯವನ್ನು ನೋಡುವಾಗ ಮೊದಲು ಜಿಗಿತಗಳನ್ನು ನೋಡಿ ಸಂತೋಷಪಡಿ. ಎರಡನೆಯ ಸಲ ಹೆಂಗಸರ ಪಾದಗಳನ್ನು ಮಾತ್ರ ನೋಡಿ. ಮಕ್ಕಳು ಪಕ್ಕದಲ್ಲಿದ್ದರೆ, ಈ ಓಡುಹೆಜ್ಜೆಗೆ ಹೆಸರಿದೆ, ಅದನ್ನು ಬರೆದಿಟ್ಟವರು ವಾಸಿಲ್ ವೆರ್ಖೋವಿನೆತ್ಸ್ ಎಂದು ತಿಳಿಸಿ. ಉಚ್ಚಾರಣೆ ಸ್ವಲ್ಪ ತೊಡಕು. ಎರಡು ಸಲ ಹೇಳಿಸಿದರೆ ಬರುತ್ತದೆ. ನಿಮ್ಮ ಒಪ್ಪಿಗೆ, ಆಕ್ಷೇಪ ಎರಡನ್ನೂ ಎಂದಿನಂತೆ ಬರೆದು ತಿಳಿಸುವುದು.